ಅಮ್ಮನ ಮಾತಿಗೆ ಅಣ್ಣನ ಜರಡಿ

ನಮ್ಮಣ್ಣನ ಲೆಕ್ಕದಲ್ಲಿ ಈ ಭೂಮಿಯ ಮೇಲಿನ ಸಕಲ ಚರಾಚರ ವಸ್ತುಗಳೂ ಎರಡೇ ಪಂಗಡಕ್ಕೆ ಸೇರುತ್ತವೆ: ಪಾಸಾದವು ಮತ್ತು ರಿಜೆಕ್ಟ್ ಆದವು. ಪಾಸಾದವುಗಳ ಪಟ್ಟಿ ಬಹಳ ಚಿಕ್ಕದು. ನನಗೆ ತಿಳಿದಮಟ್ಟಿಗೆ ಅದರಲ್ಲಿರುವುದು ಅವನೊಬ್ಬನೇ. ಅದೂ ಅವನು ಇನ್ನೂ ತನ್ನನ್ನು ತಾನು ಪರೀಕ್ಷಿಸಿಕೊಂಡಿಲ್ಲವಾದ್ದರಿಂದ!

ಇದು ಸ್ವಭಾವವಲ್ಲ, ವೃತ್ತಿಯಿಂದ ಅಂಟಿದ ರೋಗ ಎಂದು ನಮ್ಮತ್ತಿಗೆ ಅವನ ಪರ ವಾದಿಸುತ್ತಾಳೆ. ಇರಬಹುದು. ಮದ್ರಾಸಿನ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಅವನು ಮಾಡಿದ್ದು ತಪಾಸಣೆಯ ಕೆಲಸ. ಕೈಯಲ್ಲಿ ಗೇಜು ಎಂಬ ಒಂದು ಉಕ್ಕಿನ ತುಂಡು. ಅದರ ಒಂದು ತುದಿ ಬಿಡಿಭಾಗದ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹಾಗಾದರೆ ಪಾಸು. ಇಲ್ಲವಾದರೆ ಕೆಂಪು ಬಣ್ಣ ಬಳಿದು, ಕಾರಣ ಬರೆದ ಚೀಟಿ ಕಟ್ಟಿ, ರಿಜೆಕ್ಟ್ ಶೆಡ್ಡಿಗೆ ರವಾನೆ. ಬಿಡಿಭಾಗದ ಮನಸ್ಸಿನಲ್ಲಿ ಏನಿತ್ತು, ಅದರ ಮನೆಯಲ್ಲಿ ಏನು ಕಷ್ಟವಿತ್ತು, ಯಾರೂ ಕೇಳುವುದಿಲ್ಲ.

ವರ್ಕ್‌ಶಾಪಿನಲ್ಲಿ ಇದರಿಂದ ರೈಲುಗಳಿಗೆ ಒಳ್ಳೆಯದೇ ಆಗಿರಬೇಕು. ತೊಂದರೆಯೆಂದರೆ ಆ ಗೇಜು ಸಂಜೆ ಅವನ ಜೊತೆ ಮನೆಗೂ ಬರುತ್ತಿತ್ತು. ದುಂಡಗಿಲ್ಲವೆಂದು ಇಡ್ಲಿಯನ್ನು ರಿಜೆಕ್ಟ್ ಮಾಡಿದ. ನನ್ನನ್ನು ನೋಡಲು ಬಂದ ವರನಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ, "ಹುಡುಗ ಪರವಾಯಿಲ್ಲ, ಆದ್ರೆ ಜಾಯಿಂಟ್ ಸ್ವಲ್ಪ ಲೂಸು ಮಾ," ಎಂದು ನನಗೆ ವರದಿ ಕೊಟ್ಟ. ಅಮ್ಮನಿಗಾಗಲಿ ನನಗಾಗಲಿ ಅವನು 'ಮಾ' ಎನ್ನುವುದು ಈ ಊರಿನ ರೂಢಿ. ನಾನು ಹಟ ಹಿಡಿದು ಅದೇ ಹುಡುಗನನ್ನು ಮದುವೆಯಾಗಿ ಕ್ರೋಂಪೇಟೆಗೆ ಬಂದೆ. "ನಿಮ್ಮಣ್ಣ ನನ್ನನ್ನ ಇನ್ನೂ ಶೆಡ್ಡಿಂದ ಆಚೆ ಬಿಟ್ಟಿಲ್ಲ ಕಣೆ," ಎಂದು ನಮ್ಮ ಯಜಮಾನರು ಮೂವತ್ತೈದು ವರ್ಷದಿಂದ ಹೇಳುತ್ತಲೇ ಇದ್ದಾರೆ.

ನಿವೃತ್ತಿಯಾದ ದಿನ ಗೇಜನ್ನು ಸರ್ಕಾರಕ್ಕೆ ಒಪ್ಪಿಸಿ ಬಂದ. ನಾವೆಲ್ಲ ಉಸಿರು ಬಿಟ್ಟೆವು. ಅವಸರಪಟ್ಟೆವು ಎಂದು ಈಗ ಅನ್ನಿಸುತ್ತದೆ.

ಅವನ ಮಗಳು ಪ್ರೋಗ್ರಾಂ ಬರೆಯುವ ಉದ್ಯೋಗದವಳು. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಅಪ್ಪ ದಿನವಿಡೀ ತನ್ನ ಕುರ್ಚಿ, ತನ್ನ ಕೂದಲು, ತನ್ನ ಊಟದ ವೇಳೆ ಎಲ್ಲವನ್ನೂ ರಿಜೆಕ್ಟ್ ಮಾಡುವುದನ್ನು ತಾಳಲಾರದೆ ಅವನ ಕೈಗೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟು, ಒಂದು ವಿದ್ಯೆ ಹೇಳಿಕೊಟ್ಟಳು. ವಿದ್ಯೆಯ ಹೆಸರು ರೆಗೆಕ್ಸ್. ನಾನು ಮೊದಲು ಕೇಳಿದಾಗ ಹೊಟ್ಟೆನೋವಿನ ಮಾತ್ರೆಯೆಂದುಕೊಂಡೆ. ಹೊಟ್ಟೆನೋವು ಆಮೇಲೆ ಬಂತು.

ಅವನು ನನಗೆ ವಿವರಿಸಿದ್ದನ್ನು ವಿವರಿಸಿದಂತೆಯೇ ಒಪ್ಪಿಸುತ್ತೇನೆ. ಒಂದು ಪಟ್ಟಿ ತುಂಬ ಪದಗಳಿವೆ ಎನ್ನಿ. ಅವುಗಳಲ್ಲಿ ನಿಮಗೆ ಬೇಕಾದ ಆಕಾರದವನ್ನಷ್ಟೇ ಹೆಕ್ಕಬೇಕು. ಆ ಆಕಾರವನ್ನು ಕೆಲವು ಗುರುತುಗಳಲ್ಲಿ ಬರೆದರೆ ಸಾಕು. ಟೋಪಿಯಂಥ ಗುರುತು ಹಾಕಿದರೆ 'ಪದ ಇಲ್ಲಿಂದಲೇ ಶುರುವಾಗಬೇಕು' ಎಂದರ್ಥ. ಡಾಲರ್ ಗುರುತು ಹಾಕಿದರೆ 'ಇಲ್ಲಿಗೇ ಮುಗಿಯಬೇಕು' ಎಂದರ್ಥ. ಕೀಲಿ ಒತ್ತಿದ ಕ್ಷಣದಲ್ಲಿ ಕಂಪ್ಯೂಟರು ಪಟ್ಟಿಯ ಒಂದೊಂದು ಪದವನ್ನೂ ಅದಕ್ಕೆ ತೂರಿಸಿ ನೋಡಿ, ಹೊಂದುವುದನ್ನು ಇಟ್ಟುಕೊಂಡು ಉಳಿದದ್ದನ್ನು ಆಚೆ ತಳ್ಳುತ್ತದೆ.

"ಇದು ಗೇಜೇ ತಾನೆ ಮಾ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಹೆಂಡತಿಯ ಆಪರೇಷನ್ ದಿನ ಒದ್ದೆಯಾಗದ ಕಣ್ಣು.

ಮೊದಲ ಬಲಿ ನನ್ನ ಮೊಮ್ಮಗಳು. ಮಗುವಿಗೆ ಹೆಸರು ಹುಡುಕುವ ಹೊಣೆಯನ್ನು ಅಣ್ಣ ತಾನಾಗಿ ಹೊತ್ತುಕೊಂಡ. ನಕ್ಷತ್ರಕ್ಕೆ ಹೊಂದುವ ಅಕ್ಷರದಿಂದ ಶುರುವಾಗಬೇಕು, ದೀರ್ಘದಲ್ಲಿ ಮುಗಿಯಬೇಕು, ಮೂರಕ್ಷರ ಮೀರಬಾರದು, ಎರಡೂ ಕಡೆಯ ನೆಂಟರಲ್ಲಿ ಯಾರ ಹೆಸರೂ ಅದರೊಳಗೆ ಅಡಗಿರಬಾರದು. ನಾಮಕರಣಕ್ಕೆ ಸಾವಿರಾರು ಹೆಸರುಗಳ ಪಟ್ಟಿಯೊಡನೆ ಬಂದು, ತೊಟ್ಟಿಲ ಪಕ್ಕ ಲ್ಯಾಪ್‌ಟಾಪ್ ಇಟ್ಟು, ಕೀಲಿ ಒತ್ತಿದ. ಪರದೆಯ ಮೇಲೆ ಏನೂ ಬರಲಿಲ್ಲ. ಅಣ್ಣ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ತೀರ್ಪು ಓದುವ ನ್ಯಾಯಾಧೀಶನಂತೆ, "ನಿಯಮಕ್ಕೆ ಹೊಂದೋ ಹೆಸರು ಪ್ರಪಂಚದಲ್ಲೇ ಇಲ್ಲ," ಎಂದ.

ನನ್ನ ಮಗಳು ಇಲ್ಲಿಯೇ ಓದಿ ಬೆಳೆದವಳು. ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ. "ಮಾಮಾ, ಕೊಳಂದೈಕ್ಕು ಪೇರು ದಾನ್ ಕೇಟ್ಟೋಂ. ಪಾಸ್‌ವರ್ಡ್ ಇಲ್ಲೈ," ಎಂದಳು. ಮಗುವಿಗೆ ಕೇಳಿದ್ದು ಹೆಸರು ಮಾತ್ರ, ಪಾಸ್‌ವರ್ಡ್ ಅಲ್ಲವಂತೆ. ಪುರೋಹಿತರು ನಕ್ಕಿದ್ದಕ್ಕೆ ಅವರೂ ರಿಜೆಕ್ಟ್ ಆದರು.

ಇಲ್ಲಿಯವರೆಗಿನದನ್ನು ನಾನು ನಗುತ್ತ ಹೇಳಬಲ್ಲೆ. ಮುಂದಿನದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆರು ತಿಂಗಳ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಅಮ್ಮನಿಗೆ ಎಂಬತ್ತಾರು. ಪ್ಯಾರೀಸ್ ಕಾರ್ನರಿನ ಪೇಟೆಯಲ್ಲಿ ಹಗ್ಗದ ಅಂಗಡಿ ಇಟ್ಟಿದ್ದ ಅಪ್ಪನನ್ನು ಕಟ್ಟಿಕೊಂಡು ತುಮಕೂರು ಕಡೆಯಿಂದ ಈ ಊರಿಗೆ ಬಂದವಳು, ಅಪ್ಪ ಹೋದ ಮೇಲೆ ಪೆರಂಬೂರಿನಲ್ಲಿ ಅಣ್ಣನ ಜೊತೆಗಿದ್ದವಳು. ಅವಳ ಮಾತಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನಿಮಗೆ ನಷ್ಟದ ಅಂದಾಜು ಸಿಗುವುದಿಲ್ಲ. ಅರವತ್ತು ವರ್ಷಕ್ಕೂ ಮೀರಿ ಮದ್ರಾಸಿನಲ್ಲಿದ್ದೂ ಅವಳು ತಮಿಳು ಕಲಿಯಲಿಲ್ಲ. ಅವಳ ಬೀದಿ ಕನ್ನಡ ಕಲಿಯಿತು. ತರಕಾರಿಯವನು, ನೀರಿನ ಲಾರಿಯವನು, ಎದುರುಮನೆಯ ಪೊಲೀಸಿನವನ ಹೆಂಡತಿ, ಎಲ್ಲರೂ ಅವಳಿಂದ ಬೈಸಿಕೊಂಡೇ ಭಾಷೆ ಕಲಿತವರು. ಮಕ್ಕಳನ್ನು ಎಬ್ಬಿಸುವುದಕ್ಕೆ ಒಂದು ಬೈಗುಳ, ಊಟಕ್ಕೆ ಕರೆಯುವುದಕ್ಕೆ ಒಂದು, ಪರೀಕ್ಷೆಯಲ್ಲಿ ಪಾಸಾದರೆ ಬೇರೆಯೇ ಒಂದು. ಅಂಥ ಬಾಯಿ ಒಂದು ಬೆಳಿಗ್ಗೆ ಸುಮ್ಮನಾಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಉಸಿರು ಬರುತ್ತದೆ, ಮಾತು ಬರುವುದಿಲ್ಲ. ಆಮೇಲೆ ನಮ್ಮ ಮುಖವನ್ನು ನೋಡುತ್ತಾಳೆ, ಮಾತನ್ನು ಕದ್ದಿಟ್ಟವರು ನಾವೇ ಎಂಬಂತೆ.

ಮಾತಿನ ತರಬೇತಿ ಕೊಡುವ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಬರುತ್ತಿದ್ದಳು. ಅವಳ ಬಳಿ ಚಿತ್ರದ ಕಾರ್ಡುಗಳಿದ್ದವು. ಸೇಬು, ಬಸ್ಸು, ಗಿಟಾರು. ಅಮ್ಮ ಗಿಟಾರನ್ನು ಬಹಳ ಹೊತ್ತು ನೋಡಿ, ಆಮೇಲೆ ಆ ಹುಡುಗಿಯನ್ನು ನೋಡಿದಳು. ಕಾಯಿಲೆ ಯಾರಿಗೆ ಎಂಬ ಪ್ರಶ್ನೆ ಆ ನೋಟದಲ್ಲಿ ಸ್ಪಷ್ಟವಾಗಿತ್ತು. ಹುಡುಗಿ ಜಾಣೆ. ಕಾರ್ಡು ಚೀಲಕ್ಕೆ ಹಾಕಿ, "ಪಾಟಿ ಎಪ್ಪಡಿ ಪೇಸುವಾಂಗಳೋ, ಅಪ್ಪಡಿಯೇ ನೀಂಗಳುಂ ಪೇಸುಂಗ," ಎಂದಳು. ಅಜ್ಜಿ ಹೇಗೆ ಮಾತಾಡುತ್ತಿದ್ದರೋ ಹಾಗೆಯೇ ನೀವೂ ಅವರ ಜೊತೆ ಮಾತಾಡಿ. ಅವರು ದಿನವೂ ಬಳಸುತ್ತಿದ್ದ ಪದಗಳದ್ದೊಂದು ಪಟ್ಟಿ ಮಾಡಿಕೊಂಡು, ಪಕ್ಕದಲ್ಲಿ ಕೂತು ಹೇಳುತ್ತಿರಿ. ಸುಲಭದ ಪದಗಳಿಂದ ಶುರುಮಾಡಿ. ಮೊದಲ ಕೆಲವು ತಿಂಗಳು ಬಹಳ ಮುಖ್ಯ, ಆಮೇಲೆ ಕಷ್ಟ.

ಇದರಲ್ಲಿ ಅರ್ಥವಾಗದ್ದು ಏನಾದರೂ ಇದೆಯೇ? ತಮಿಳೇ ಬಾರದವರಿಗೂ ತಿಳಿಯುವ ಮಾತು. ಹುಟ್ಟಿದಾಗಿನಿಂದ ತಮಿಳು ಕೇಳಿದ ನಮ್ಮಣ್ಣನಿಗೆ ಅದರಲ್ಲಿ ಕೇಳಿಸಿದ್ದು ಒಂದೇ ಪದ: ಪಟ್ಟಿ.

ಇಂಟರ್‌ನೆಟ್ಟಿನಿಂದ ಲಕ್ಷಗಟ್ಟಲೆ ಕನ್ನಡ ಪದಗಳ ಕಡತವೊಂದನ್ನು ಇಳಿಸಿಕೊಂಡ. ಅದನ್ನು ಜರಡಿ ಹಿಡಿದು ಅಮ್ಮನಿಗೆ ಹೊಂದುವ ಪದಗಳನ್ನು ಹೆಕ್ಕುತ್ತಾನಂತೆ. ನಾನು ಮಂಗಳವಾರ, ಶುಕ್ರವಾರ ಕ್ರೋಂಪೇಟೆಯಿಂದ ಪಾರ್ಕ್ ಸ್ಟೇಷನ್ನಿಗೆ ಬಂದು, ರಸ್ತೆ ದಾಟಿ, ಇನ್ನೊಂದು ರೈಲು ಹಿಡಿದು ಪೆರಂಬೂರಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅಮ್ಮ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಅಣ್ಣ ಊಟದ ಮೇಜಿನ ಮುಂದೆ ಪರದೆ ನೋಡುತ್ತ ಕೂತಿರುತ್ತಿದ್ದ. "ಲಿಸ್ಟ್ ಆಯ್ತಾ?" ಎಂದರೆ, "ಇನ್ನೂ ಫೈನಲ್ ಆಗಿಲ್ಲ ಮಾ." ಒಂದು ತಿಂಗಳು ಹೀಗೇ ಹೋಯಿತು. ಮುಖ್ಯವಾದ ತಿಂಗಳುಗಳಲ್ಲಿ ಒಂದು.

ಕೊನೆಗೂ ಒಂದು ಪಟ್ಟಿ ಹೊರಬಿತ್ತು. ಸುಲಭದ ಪದ ಎಂದಿದ್ದಳಲ್ಲ, ಅದನ್ನು ಅಣ್ಣ ನಿಯಮಕ್ಕೆ ಇಳಿಸಿದ್ದ: ಮೂರಕ್ಷರ ಮೀರಬಾರದು, ಒತ್ತಕ್ಷರ ಇರಬಾರದು. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದನ್ನು ನಾನೂ ಅತ್ತಿಗೆಯೂ ನಿಂತು ಓದಿದೆವು. ಲಗಾಮು. ಮಸೂದೆ. ಕಟುಕ. ತಗಾದೆ. ವಿರಹ.

"ಅತ್ತೆಗೆ ಹಸಿವಾದ್ರೆ ಲಗಾಮು ಅನ್ಬೇಕಾ?" ಎಂದು ಅತ್ತಿಗೆ ಕೇಳಿದಳು. ಅವಳು ಹೆಚ್ಚು ಮಾತಾಡುವವಳಲ್ಲ. ಆಡಿದರೆ ಇಷ್ಟೇ.

ನಾನು ಇರುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕಿದೆ. ಅನ್ನ ಇರಲಿಲ್ಲ. ಉಪ್ಪು, ಬೆಲ್ಲ, ತುಪ್ಪ ಇರಲಿಲ್ಲ. ಬಟ್ಟೆ, ನಿದ್ದೆ, ಕಣ್ಣು ಇರಲಿಲ್ಲ. ಅಮ್ಮ ಇರಲಿಲ್ಲ. ಅಪ್ಪ, ಅಕ್ಕ, ಅಜ್ಜಿ, ಒಬ್ಬರೂ ಇರಲಿಲ್ಲ. ಒಂದೇ ಏಟಿಗೆ ನಮ್ಮ ಇಡೀ ವಂಶವನ್ನೂ ಅದರ ಅಡುಗೆಮನೆಯನ್ನೂ ಅವನು ಶೆಡ್ಡಿಗೆ ಕಳಿಸಿದ್ದ.

"ಅಣ್ಣಾ, 'ಅಣ್ಣ' ಅನ್ನೋದೂ ಇಲ್ವಲ್ಲೋ ಇದ್ರಲ್ಲಿ. ನೀನೇ ರಿಜೆಕ್ಟ್ ಆಗಿದೀಯ."

ಅವನು ಎದ್ದು ಬಂದು ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದ. "ರೂಲ್ ಅಂದ್ರೆ ರೂಲ್ ಮಾ," ಎಂದ. ದನಿಯಲ್ಲಿ ಬೇಸರವಿರಲಿಲ್ಲ. ಹೆಮ್ಮೆಯಿತ್ತು! ಪಟ್ಟಿಯನ್ನು ಕಿತ್ತು ಹರಿದುಹಾಕಿ, ಅಮ್ಮನಿಗೂ ಹೇಳದೆ ನಾನು ಮನೆಗೆ ಬಂದುಬಿಟ್ಟೆ.

ಮುಂದಿನ ವಾರ ರೈಲಿನಲ್ಲಿದ್ದಾಗ ಅವನ ಫೋನು ಬಂತು. "ಒತ್ತಕ್ಷರ, ಉದ್ದದ ಪದ ಎಲ್ಲಾ ಅಲವ್ ಮಾಡ್ಬಿಟ್ಟೆ ಮಾ. ಈಗ ಒಂದು ಹೆಲ್ಪ್ ಬೇಕು. ಅಮ್ಮ ನಮ್ಮನ್ನ ಏನೇನು ಬೈತಿದ್ಳೋ, ಎಲ್ಲಾ ಹೇಳು. ಒಂದೂ ಬಿಡಬೇಡ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇವನಿಗೆ ಕೊನೆಗೂ ಬುದ್ಧಿ ಬಂತು, ಅಮ್ಮನ ನಿಜವಾದ ಮಾತು ಯಾವುದೆಂದು ಹೊಳೆಯಿತು ಎಂದುಕೊಂಡೆ. ಕಿಕ್ಕಿರಿದ ಹೆಂಗಸರ ಬೋಗಿಯಲ್ಲಿ ನಿಂತು, ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಫೋನು ಹಿಡಿದು, ಒಂದೊಂದಾಗಿ ನೆನಪಿಸಿಕೊಂಡು ಒಪ್ಪಿಸಿದೆ. ಮುಂಡೇದೇ. ಹಾಳಾದವನೇ. ಕತ್ತೆ, ಕೋತಿ, ಎಮ್ಮೆ, ಗೂಬೆ. ದನ ಕಾಯೋಕ್ ಹೋಗು. ಮಾರಿ ನಿನ್ ಎತ್ಕೊಂಡ್ ಹೋಗ. ಪೊರಕೆ ತಗೊಂಡೆ ಅಂದ್ರೆ ನೋಡು. ಎದುರು ಸೀಟಿನ ಹೆಂಗಸು ಕನ್ನಡದವಳಿರಬೇಕು. ಗಿಂಡಿ ಸ್ಟೇಷನ್ನಿನಲ್ಲಿ ಇಳಿದು ಪಕ್ಕದ ಬೋಗಿಗೆ ಹೋದಳು.

ಆಮೇಲೆ ತಿಳಿಯಿತು. ಅವನು ಅವುಗಳನ್ನು ಕೇಳಿದ್ದು ಸೇರಿಸುವುದಕ್ಕಲ್ಲ, ತೆಗೆಯುವುದಕ್ಕೆ. 'ಮರ್ಯಾದೆ ಫಿಲ್ಟರ್' ಎಂದು ಹೆಸರಿಟ್ಟಿದ್ದ. ಅಮ್ಮನ ಬೈಗುಳಗಳನ್ನೆಲ್ಲ ಬಿಡಿ ಪದಗಳಾಗಿ ಒಂದು ಸಾಲಿನಲ್ಲಿ ಬರೆದು, ಇವುಗಳಲ್ಲಿ ಯಾವುದಿದ್ದರೂ ಪದ ರಿಜೆಕ್ಟ್ ಎಂದು ಆಜ್ಞೆ ಕೊಟ್ಟಿದ್ದ. ಆ ಸಾಲಿಗೆ ಮಾತ್ರ ಟೋಪಿಯನ್ನೂ ಡಾಲರನ್ನೂ ಹಾಕುವುದು ಮರೆತಿದ್ದನಂತೆ. ಹಾಗಾಗಿ ಮಾರಿಯ ಜೊತೆಗೆ ಕುಮಾರಿಯೂ ಅಲೆಮಾರಿಯೂ ಹೋದರು. ದನದ ಹಿಂದೆ ಚಂದನ, ಸದನ, ಕದನ ಎಲ್ಲ ಸಾಲುಗಟ್ಟಿ ನಡೆದವು. ಒಂದು ಮೃಗಾಲಯವೂ ಅರ್ಧ ನಿಘಂಟೂ ಖಾಲಿ. ಉಳಿದವುಗಳಿಂದ ನಲವತ್ತು ಪದ ಆರಿಸಿ, ಪ್ಯಾರೀಸ್ ಕಾರ್ನರಿಗೇ ಹೋಗಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ತಂದಿದ್ದ. ಹಾಲು, ಹೂವು, ದೇವರು, ಶಾಂತಿ, ನಮಸ್ಕಾರ, ಧನ್ಯವಾದ. ನಮ್ಮಮ್ಮ ತನ್ನ ಜನ್ಮದಲ್ಲಿ ಯಾರಿಗೂ ಧನ್ಯವಾದ ಹೇಳಿದವಳಲ್ಲ. ಪ್ರತಿ ಪದದ ಮುಂದೆಯೂ ಎರಡು ಚೌಕ: ಪಾಸು, ಫೇಲು.

ಆ ಶುಕ್ರವಾರ ನಾನು ಹೋದಾಗ ಪರೀಕ್ಷೆ ನಡೆಯುತ್ತಿತ್ತು. ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಅಣ್ಣ ಸ್ಟೂಲಿನ ಮೇಲೆ, ಕೈಯಲ್ಲಿ ಮಾರ್ಕರ್ ಪೆನ್ನು.

"ಹಾಲು. ಹೇಳು ಮಾ. ಹಾ... ಲು."

ಅಮ್ಮ ಅವನನ್ನು ನೋಡಿದಳು. ಬಾಯಿ ತೆರೆದು ಮುಚ್ಚಿದಳು. ಅವನು ಎರಡನೆಯ ಚೌಕದಲ್ಲಿ ಗುರುತು ಹಾಕಿದ.

"ಹೂವು."

ಅಮ್ಮ ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಗುರುತು.

ನಾನು ಚಪ್ಪಲಿ ಬಿಟ್ಟಿರಲಿಲ್ಲ. ಹಾಗೆಯೇ ಒಳಗೆ ಹೋಗಿ ಆ ಪಟ್ಟಿಯನ್ನು ಅವನ ಕೈಯಿಂದ ಕಸಿದೆ. "ಏನ್ ಮಾಡ್ತಿದೀಯ ಗೊತ್ತಾ? ಅಮ್ಮನ್ನ ತಪಾಸಣೆ ಮಾಡ್ತಿದೀಯ. ಕೆಂಪು ಬಣ್ಣ ಒಂದು ಬಾಕಿ, ಅದನ್ನೂ ಬಳಿದ್ಬಿಡು."

"ಮೆತ್ತಗೆ ಮಾತಾಡು ಮಾ. ಪಕ್ಕದ್ಮನೆಗೆ ಕೇಳುತ್ತೆ."

"ಕೇಳ್ಲಿ. ಎರಡು ತಿಂಗಳಾಯ್ತು. ಪಕ್ಕದಲ್ಲಿ ಕೂತು ಮಾತಾಡು ಅಂದ್ರೆ ಮಾತನ್ನೇ ಸೋಸ್ತಾ ಕೂತಿದೀಯ. ಅವಳ ಮಾತೆಲ್ಲಾ ನಿನ್ನ ಶೆಡ್ಡಲ್ಲಿದೆ. ಇಲ್ಲಿ ಧನ್ಯವಾದ ಇಟ್ಕೊಂಡು ಏನು ಪೂಜೆ ಮಾಡ್ತೀಯಾ?"

"ಹೋದ್ವಾರ ಎದುರುಮನೆಯವರು ಬಂದಿದ್ರು," ಎಂದ ಅಣ್ಣ. ಅವನ ದನಿ ಸಣ್ಣಗಾಗಿತ್ತು. "ಅಮ್ಮ ಏನೋ ಹೇಳೋಕ್ ಹೋದ್ಳು. ಏನೋ ಸೌಂಡ್ ಬಂತು. ಅವ್ರ ಜೊತೆ ಬಂದಿದ್ದೋರು ನಕ್ಬಿಟ್ರು ಮಾ. ಅಮ್ಮ ನೋಡಿದ್ಳು ಅವ್ರು ನಕ್ಕಿದ್ದು. ಮೊದಲ್ನೇ ಮಾತು ಕರೆಕ್ಟಾ ಬರ್ಬೇಕು. ತಪ್ಪಾಗಿ ಬಂದ್ರೆ ಆಮೇಲೆ ಅವ್ಳು ಬಾಯೇ ತೆಗಿಯಲ್ಲ."

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎರಡು ತಿಂಗಳ ಸಿಟ್ಟು ಒಂದು ವಾಕ್ಯಕ್ಕೆ ಇಳಿಯುವಂಥದಲ್ಲ. ಅವರು ನಕ್ಕರೆ ಅವರನ್ನು ಮನೆಯಿಂದ ಆಚೆ ಕಳಿಸಬೇಕಿತ್ತು, ಪದಗಳನ್ನಲ್ಲ ಎಂದೆ. ಅವನು, 'ವಾರಕ್ಕೆರಡು ಸಲ ಬಂದು ಕೂಗಾಡಿ ಹೋಗೋ ನಿಂಗೇನು ಗೊತ್ತು' ಎಂದ. ನಾನು ನನ್ನ ಮದುವೆಯನ್ನು ಎಳೆದೆ. ಅವನು ಅಪ್ಪನ ಹಗ್ಗದ ಅಂಗಡಿಯ ಹಳೆಯ ತಕರಾರನ್ನು ಎಳೆದ. ಅರವತ್ತಾರು ವರ್ಷದ ಅವನೂ ಅರವತ್ತೊಂದರ ನಾನೂ ಮಂಚದ ಎರಡು ಬದಿಗೆ ನಿಂತು, ಮಧ್ಯದಲ್ಲಿ ಒಬ್ಬಳು ಮಲಗಿದ್ದಾಳೆಂಬುದನ್ನು ಮರೆತು ಕೂಗಾಡುತ್ತಿದ್ದೆವು.

"ಬಾಯ್ ಮುಚ್ರೋ, ಮುಂಡೇವಾ."

ದನಿ ಒಡೆದಿತ್ತು, ಒಂದು ಕಡೆಗೆ ಜಾರಿತ್ತು. ಆದರೆ ಪದಗಳು ಇಡಿಯಾಗಿದ್ದವು. ತುಮಕೂರಿನಿಂದ ನೇರವಾಗಿ ಬಂದಂತಿದ್ದವು.

ಅತ್ತಿಗೆ ಅಡುಗೆಮನೆಯಿಂದ ಸೌಟಿನೊಡನೆ ಬಂದು ಬಾಗಿಲಲ್ಲಿ ನಿಂತಳು. ನಾವು ಬಾಯಿ ಮುಚ್ಚಿದೆವು. ಅಮ್ಮ ಹೇಳಿದರೆ ಮುಚ್ಚುವುದು ನಮಗೆ ಮೊದಲಿನಿಂದಲೂ ಅಭ್ಯಾಸ. ಅಣ್ಣ ಒಂದು ಕ್ಷಣ ನನ್ನ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದ, ಅದರಲ್ಲಿ ಈ ಪದ ಎಲ್ಲಿದೆ ಎಂದು ಹುಡುಕುವಂತೆ. ಆಮೇಲೆ ಬಗ್ಗಿ, "ಏನ್ ಮಾ? ಏನಂದೆ? ಇನ್ನೊಂದ್ ಸಲ ಹೇಳು ಮಾ," ಎಂದ.

ಅಮ್ಮ ಹೇಳಲಿಲ್ಲ. ಅವಳ ಬಾಯಿ ತೆರೆದುಕೊಂಡೇ ಇತ್ತು. ಅದು ಎಲ್ಲಿಂದ ಬಂತೆಂದು ಅವಳಿಗೂ ತಿಳಿದಂತೆ ಕಾಣಲಿಲ್ಲ.

ನಾವು ಕಾದೆವು. ಊಟದ ಹೊತ್ತು ಕಳೆಯಿತು, ಕಾಫಿಯ ಹೊತ್ತು ಕಳೆಯಿತು. ನನ್ನ ರೈಲುಗಳು ಒಂದೊಂದಾಗಿ ಹೋದವು. ಅತ್ತಿಗೆ ಅವಳಿಗೆ ಗಂಜಿ ಕುಡಿಸಿದಳು, ಬಾಯೊರೆಸಿದಳು. ಇನ್ನೊಂದು ಪದ ಬರಲಿಲ್ಲ. ಬರುತ್ತದೆಯೋ ಇಲ್ಲವೋ, ತರಬೇತಿಯ ಹುಡುಗಿಗೆ ಫೋನು ಮಾಡಿದರೆ ಅವಳೂ ಹೇಳಲಾರದೆ ಹೋದಳು. ನಾನು ಕೋಣೆಯ ಮೂಲೆಯಲ್ಲಿ ಕೂತು ಅವನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಆಗಲೂ ಇಳಿದಿರಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ.

ಬಿಸಿಲು ಇಳಿದ ಮೇಲೆ ಅಣ್ಣ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದ. ಈ ಎರಡು ತಿಂಗಳಲ್ಲಿ ಅದು ಅಮ್ಮನ ಕೋಣೆಗೆ ಬಂದದ್ದು ಅದೇ ಮೊದಲು. ಸ್ಟೂಲನ್ನು ಕಾಲಿನಿಂದ ಸರಿಸಿ, ಮಂಚದ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತ. ರಿಜೆಕ್ಟ್ ಆದ ಪದಗಳನ್ನೂ ಅವನು ಅಳಿಸಿರಲಿಲ್ಲ. ರಿಜೆಕ್ಟ್ ಮಾಲನ್ನು ಎಸೆಯುವ ಅಧಿಕಾರ ತಪಾಸಣೆಯವನಿಗೆ ಇಲ್ಲವಂತೆ. ಎಲ್ಲವನ್ನೂ ತಂದು ಮೂಲ ಪಟ್ಟಿಗೆ ಸುರಿದ. ಆಮೇಲೆ ಎರಡು ತಿಂಗಳು ಕೂತು ಕಟ್ಟಿದ ಆ ಉದ್ದನೆಯ ಸಾಲನ್ನು, ಟೋಪಿಗಳನ್ನು, ಡಾಲರುಗಳನ್ನು, ಆವರಣಗಳನ್ನು, ಒಂದೊಂದೇ ಗುರುತಾಗಿ ಅಳಿಸುತ್ತ ಹೋದ. ಖಾಲಿಯಾದ ಜಾಗದಲ್ಲಿ ಎರಡೇ ಎರಡು ಗುರುತು ಒತ್ತಿದ.

"ಅದೇನು ಹಾಕಿದ್ದು?" ಎಂದೆ. ನನ್ನ ದನಿ ಗಡುಸಾಗಿಯೇ ಇತ್ತು.

"ಚುಕ್ಕೆ. ನಕ್ಷತ್ರ."

"ಹಾಗಂದ್ರೆ?"

"ಚುಕ್ಕೆ ಅಂದ್ರೆ ಯಾವ ಅಕ್ಷರ ಬಂದ್ರೂ ಸರಿ. ನಕ್ಷತ್ರ ಅಂದ್ರೆ ಎಷ್ಟು ಬಂದ್ರೂ ಸರಿ."

ಹಾಗಾದರೆ ಎಲ್ಲವೂ ಪಾಸಾಗುತ್ತದಲ್ಲ, ಅದನ್ನು ಗೇಜು ಎಂದು ಯಾರಾದರೂ ಕರೆಯುತ್ತಾರೆಯೇ ಎಂದು ಕುಟುಕಲು ಬಾಯಿ ತೆರೆದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಅಮ್ಮನ ಮುಖಕ್ಕೆ ಮುಖ ತಂದು, ಅವಳ ತುಟಿಯಂಚಿನಲ್ಲಿ ಇಳಿದಿದ್ದ ಜೊಲ್ಲನ್ನು ತನ್ನ ಪಂಚೆಯ ತುದಿಯಿಂದ ಒರೆಸುತ್ತಿದ್ದ.

"ಏನೂ ಬರ್ದೆ ಹೋದ್ರೂ ಸರಿ ಮಾ," ಎಂದ.

ನನಗೆ ಹೇಳಿದ್ದಲ್ಲ.